ಎನ್‌ಎಫ್‌ಎಸ್ ಮೇಲೆ ಡೈರೆಕ್ಟ್ ರೀಡ್: ಮೆಮೊರಿ ಇದ್ದರೂ ‘ಮೆಮೊರಿ ಇಲ್ಲ’ ಅಂತ ಯಾಕೆ ಬರುತ್ತದೆ?

ರಾತ್ರಿಪಾಳಿ
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದು ತೊಂದರೆ ತಲೆ ತಿನ್ನುತ್ತಿದೆ. ಬ್ಯಾಕಪ್ ಸರಿಯಾಗಿ ಕೂತಿದೆಯಾ ಅಂತ ನೋಡಲು ಒಂದು ಚಿಕ್ಕ ಸಿ ಪ್ರೋಗ್ರಾಂ ಬರೆದಿದ್ದೇನೆ. ಎನ್‌ಎಫ್‌ಎಸ್ ಮೌಂಟ್ (ನೆಟ್‌ವರ್ಕ್ ಮೂಲಕ ಬಳಸುವ ಸರ್ವರ್‌ನ ಡಿಸ್ಕ್) ಮೇಲಿನ ಫೈಲನ್ನು ಓ_ಡೈರೆಕ್ಟ್ (ಕ್ಯಾಶ್ ದಾಟಿ ಓದು ಅನ್ನುವ ಫ್ಲ್ಯಾಗ್) ಹಾಕಿ ತೆರೆಯುತ್ತದೆ, ಒಂದು ಸಲಕ್ಕೆ 16 ಎಂಬಿ ಓದುತ್ತದೆ, ಚೆಕ್‌ಸಮ್ ಲೆಕ್ಕ ಹಾಕುತ್ತದೆ. ಇಷ್ಟೇ ಕೆಲಸ.

ಮಷೀನ್ ರೀಬೂಟ್ ಮಾಡಿದ ಮೇಲೆ ಕೆಲವು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಒಂದು ರಾತ್ರಿ ರೀಡ್ ಕಾಲ್ ‘ಕ್ಯಾನಾಟ್ ಅಲೊಕೇಟ್ ಮೆಮೊರಿ’ ಅಂತ ವಾಪಸ್ ಬರುತ್ತದೆ. ಮಷೀನಿನಲ್ಲಿ 16 ಜಿಬಿ ರ‍್ಯಾಮ್ ಇದೆ. ಅದರಲ್ಲಿ 11 ಜಿಬಿ ಬರೀ ಪೇಜ್ ಕ್ಯಾಶ್ (ಫೈಲ್‌ಗಳ ಡೇಟಾದ ನಕಲು), ಅಂದರೆ ಬೇಕಾದಾಗ ಬಿಡಿಸಿಕೊಳ್ಳಬಹುದಾದ ಜಾಗ. ಸ್ವಾಪ್ ಮುಟ್ಟೇ ಇಲ್ಲ. ಡಿಎಂಇಎಸ್‌ಜಿಯಲ್ಲಿ (ಕರ್ನಲ್‌ನ ಲಾಗ್) ‘ಪೇಜ್ ಅಲೊಕೇಶನ್ ಫೇಲ್ಯೂರ್, ಆರ್ಡರ್:4, ಮೋಡ್:0ಎಕ್ಸ್‌ಡಿ0’ ಅಂತ ಒಂದು ಸಾಲು ಬಿದ್ದಿರುತ್ತದೆ.

ಒಮ್ಮೆ 32 ಎಂಬಿ ಇಟ್ಟು ನೋಡಿದೆ. ಆಗ ಬೇರೆಯೇ ಎರರ್, ‘ಫೈಲ್ ಟೂ ಲಾರ್ಜ್’! ಓದುವಾಗ ಫೈಲ್ ದೊಡ್ಡದಾಯಿತು ಅಂದರೆ ಏನರ್ಥ? ಲಿನಕ್ಸ್ ಕರ್ನಲ್ 2.6ರ ಹಳೇ ಸಾಲಿನದು. ಅದರ ಮೇಲೆ ಓಡುವ ಇನ್ನೊಂದು ಸಾಫ್ಟ್‌ವೇರ್‌ನಿಂದಾಗಿ ಸದ್ಯಕ್ಕೆ ಬದಲಾಯಿಸುವ ಹಾಗಿಲ್ಲ. ದಯವಿಟ್ಟು ‘ಅಪ್‌ಗ್ರೇಡ್ ಮಾಡಿ’ ಅಂತ ಮಾತ್ರ ಹೇಳಬೇಡಿ.

ಕಮಾಂಡ್‌ಲೈನ್
ಅಪ್‌ಗ್ರೇಡ್ ಮಾಡಿ ಅನ್ನಲ್ಲ. ಮಿನ್_ಫ್ರೀ_ಕೆಬೈಟ್ಸ್ (ಕರ್ನಲ್ ಎಷ್ಟು ಮೆಮೊರಿ ಖಾಲಿ ಇಟ್ಟಿರಬೇಕು ಅನ್ನುವ ಸೆಟ್ಟಿಂಗ್) ಜಾಸ್ತಿ ಮಾಡಿ. ಖಾಲಿ ಜಾಗ ಹೆಚ್ಚು ಉಳಿಯುತ್ತದೆ, ಸಮಸ್ಯೆ ಮುಗಿಯುತ್ತದೆ.

ಹೊಸಹೆಜ್ಜೆ
ನನಗೊಂದು ಮೂಲ ಪ್ರಶ್ನೆ. ಡೈರೆಕ್ಟ್ ರೀಡ್ ಅಂದರೆ ಕರ್ನಲ್ ಮಧ್ಯೆ ಬರದೆ ನೇರ ನಮ್ಮ ಬಫರ್‌ಗೇ ಡೇಟಾ ಬೀಳುತ್ತದೆ ಅಲ್ವಾ? ಹಾಗಿದ್ದ ಮೇಲೆ ಕರ್ನಲ್‌ಗೆ ಮೆಮೊರಿ ಯಾಕೆ ಬೇಕು?

ಪುಟಲೆಕ್ಕ
@ಹೊಸಹೆಜ್ಜೆ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಉತ್ತರ ಅಲ್ಲೇ ಇದೆ.

ಡೇಟಾ ಇಡಲು ಕರ್ನಲ್‌ಗೆ ಜಾಗ ಬೇಡ, ನಿಜ. ಆದರೆ ನಿಮ್ಮ ಬಫರ್ ರ‍್ಯಾಮಿನಲ್ಲಿ ಎಲ್ಲೆಲ್ಲಿ ಇದೆ ಅನ್ನುವ ಪಟ್ಟಿ ಇಟ್ಟುಕೊಳ್ಳಬೇಕು. ನಿಮ್ಮ ಪ್ರೋಗ್ರಾಂ ಕಣ್ಣಿಗೆ 16 ಎಂಬಿ ಒಂದೇ ಉದ್ದ ಪಟ್ಟೆಯ ಹಾಗೆ ಕಾಣುತ್ತದೆ. ನಿಜವಾಗಿ ಅದು 4 ಕೆಬಿಯ ಪುಟಗಳಾಗಿ ಎಲ್ಲೆಲ್ಲೋ ಚದುರಿರುತ್ತದೆ. ನೆಟ್‌ವರ್ಕ್‌ನಿಂದ ಡೇಟಾ ಬರುವ ತನಕ ಆ ಪುಟಗಳು ಜಾಗ ಬಿಟ್ಟು ಕದಲದ ಹಾಗೆ ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆ ಒಂದೊಂದು ಪುಟಕ್ಕೂ ಒಂದೊಂದು ಪಾಯಿಂಟರ್. 64-ಬಿಟ್ ಮಷೀನಿನಲ್ಲಿ ಒಂದು ಪಾಯಿಂಟರ್ 8 ಬೈಟ್.

16 ಎಂಬಿಗೆ 4096 ಪುಟ. 4096 × 8 = 32,768 ಬೈಟ್, ಸರಿಯಾಗಿ 32 ಕೆಬಿ. ಆ ಹಳೇ ಕರ್ನಲ್‌ಗಳ ಎನ್‌ಎಫ್‌ಎಸ್ ಕೋಡ್ ಈ ಇಡೀ ಪಟ್ಟಿಯನ್ನು ಒಂದೇ ಏಟಿಗೆ ಕೆಮ್ಯಾಲಾಕ್‌ನಿಂದ (ಕರ್ನಲ್ ತನಗಾಗಿ ಮೆಮೊರಿ ತೆಗೆದುಕೊಳ್ಳುವ ಫಂಕ್ಷನ್) ಕೇಳುತ್ತಿತ್ತು. ಕೆಮ್ಯಾಲಾಕ್ ಕೊಡುವ ಜಾಗ ರ‍್ಯಾಮಿನಲ್ಲಿ ನಿಜವಾಗಿಯೂ ಅಕ್ಕಪಕ್ಕ ಇರಬೇಕು. ಖಾಲಿ ಎಷ್ಟಿದೆ ಅನ್ನುವುದಕ್ಕಿಂತ ಒಟ್ಟಿಗೆ ಎಷ್ಟಿದೆ ಅನ್ನುವುದೇ ಇಲ್ಲಿ ಮುಖ್ಯ.

‘ಫೈಲ್ ಟೂ ಲಾರ್ಜ್’ ಬೇರೆ ಕಥೆ. ಅದೇ ಕೋಡಿನಲ್ಲಿ ಒಂದು ಡೈರೆಕ್ಟ್ ರೀಡ್‌ನ ಗಾತ್ರಕ್ಕೆ 4096 ಪುಟದಷ್ಟು, ಅಂದರೆ 16 ಎಂಬಿಯ ಮಿತಿ ಹಾಕಿದ್ದರು. ಲೆಕ್ಕ ಓವರ್‌ಫ್ಲೋ ಆಗದಿರಲಿ ಅಂತ ಅಂದಾಜಿಗೆ ಇಟ್ಟ ಮಿತಿ ಅದು. ದಾಟಿದರೆ ಇಎಫ್‌ಬಿಗ್, ಅಂದರೆ ನೀವು ನೋಡಿದ ಆ ಎರರ್. ಫೈಲ್ ಗಾತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ನೀವು ಒಂದು ಕಾಲ್‌ನಲ್ಲಿ ಕೇಳಿದ ಗಾತ್ರ ಜಾಸ್ತಿಯಾಯಿತು ಅಂತ ಅರ್ಥ.

@ರಾತ್ರಿಪಾಳಿ, ಎರರ್ ಬಂದಾಗ /ಪ್ರಾಕ್/ಬಡ್ಡಿಇನ್ಫೋ (ಯಾವ ಅಳತೆಯ ಖಾಲಿ ತುಂಡು ಎಷ್ಟಿವೆ ಅನ್ನುವ ಎಣಿಕೆ) ನೋಡಿದ್ದೀರಾ?

ರಾತ್ರಿಪಾಳಿ
ನಿನ್ನೆ ರಾತ್ರಿಯದ್ದು ಉಳಿಸಿಟ್ಟಿದ್ದೆ, ಅರ್ಥ ಆಗಿರಲಿಲ್ಲ. ನಾರ್ಮಲ್ ಝೋನ್ (ರ‍್ಯಾಮಿನ ಒಂದು ಭಾಗ) ಸಾಲು ಹೀಗಿದೆ:

41230 9822 1204 37 0 0 0 0 0 0 0

ಪುಟಲೆಕ್ಕ
ಇದೇ ಬೇಕಿತ್ತು. ಎಡದಿಂದ ಬಲಕ್ಕೆ ಓದಿ. ಒಂಟಿ ಪುಟಗಳು, ಅಂದರೆ 4 ಕೆಬಿ ತುಂಡುಗಳು, 41,230. ಆಮೇಲೆ 8 ಕೆಬಿಯವು 9822, 16 ಕೆಬಿಯವು 1204, 32 ಕೆಬಿಯವು 37. ಅಲ್ಲಿಂದ ಮುಂದೆ ಬರೀ ಸೊನ್ನೆ. ಕೂಡಿ ನೋಡಿ, ಆ ಝೋನಿನಲ್ಲಿ ಸುಮಾರು 258 ಎಂಬಿ ಖಾಲಿ ಇದೆ. ಆದರೆ 64 ಕೆಬಿಯ ಒಂದೇ ಒಂದು ತುಂಡೂ ಇಲ್ಲ. ನಿಮ್ಮ ಎರರ್‌ನಲ್ಲಿ ಆರ್ಡರ್ 4 ಅಂತ ಇದೆ. ಆರ್ಡರ್ 4 ಅಂದರೆ 16 ಪುಟ ಒಟ್ಟಿಗೆ, ಅಂದರೆ 64 ಕೆಬಿ.

ಸೆಮಿಕೋಲನ್
ಒಂದು ನಿಮಿಷ. ಲೆಕ್ಕ ತಾಳೆ ಆಗುತ್ತಿಲ್ಲ. ಪಟ್ಟಿ 32 ಕೆಬಿ ಅಂದಿರಿ. ಅದು ಆರ್ಡರ್ 3. ಆರ್ಡರ್ 3ರಲ್ಲಿ 37 ತುಂಡು ಇದೆಯಲ್ಲ. ಆರ್ಡರ್ 4 ಯಾಕೆ ಕೇಳಿತು?

ಪುಟಲೆಕ್ಕ
ಹೌದಲ್ಲ. ಅದನ್ನು ನಾನು ಗಮನಿಸಲಿಲ್ಲ. @ರಾತ್ರಿಪಾಳಿ, ಬಫರ್ ಹೇಗೆ ತೆಗೆದುಕೊಂಡಿದ್ದೀರಿ? ಸುಮ್ನೆ ಮ್ಯಾಲಾಕ್ (ಪ್ರೋಗ್ರಾಂ ಮೆಮೊರಿ ಕೇಳುವ ಸಿ ಫಂಕ್ಷನ್) ಹಾಕಿದ್ದೀರಾ?

ರಾತ್ರಿಪಾಳಿ
ಹೌದು, ಮ್ಯಾಲಾಕ್. ಒಂದು ವಿಷಯ ನೆನಪಾಯಿತು. ಇದೇ ಪ್ರೋಗ್ರಾಂ ಲೋಕಲ್ ಡಿಸ್ಕ್ ಮೇಲೆ ಓಡಿಸಿದಾಗ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಬರುತ್ತಿತ್ತು. ಎನ್‌ಎಫ್‌ಎಸ್ ಮೇಲೆ ನಡೆಯಿತು. ನಮಗೆ ಬೇಕಿದ್ದದ್ದು ಎನ್‌ಎಫ್‌ಎಸ್ ತಾನೇ ಅಂತ ಅದನ್ನು ಅಲ್ಲಿಗೇ ಬಿಟ್ಟಿದ್ದೆ.

ಸೆಮಿಕೋಲನ್
ಸಿಕ್ಕಿತು!! ದೊಡ್ಡ ಗಾತ್ರ ಕೇಳಿದರೆ ಜಿಲಿಬ್‌ಸಿಯ (ಸಿ ಲೈಬ್ರರಿ) ಮ್ಯಾಲಾಕ್ ಎಂಮ್ಯಾಪ್ ಮಾಡಿ, ಅಂದರೆ ಕರ್ನಲ್‌ನಿಂದ ನೇರ ಪುಟಗಳನ್ನೇ ಕೇಳಿ, ಜಾಗ ತರುತ್ತದೆ. ಮೊದಲ 16 ಬೈಟನ್ನು ತನ್ನ ಲೆಕ್ಕಕ್ಕೆ ಇಟ್ಟುಕೊಂಡು ಅದರ ನಂತರದ ವಿಳಾಸ ನಿಮಗೆ ಕೊಡುತ್ತದೆ. ಪಾಯಿಂಟರ್ ಪ್ರಿಂಟ್ ಮಾಡಿ ನೋಡಿ, ಕೊನೆಯಲ್ಲಿ 010 (ಹೆಕ್ಸ್‌ನಲ್ಲಿ 16) ಇರುತ್ತದೆ. ಅಂದರೆ ನಿಮ್ಮ 16 ಎಂಬಿ ಒಂದು ಪುಟದ ಅಂಚಿನಿಂದ ಶುರುವಾಗುತ್ತಿಲ್ಲ, 16 ಬೈಟ್ ಒಳಗಿನಿಂದ ಶುರುವಾಗುತ್ತದೆ. ಹಾಗಾಗಿ ಕೊನೆಯ 16 ಬೈಟ್ ಮುಂದಿನ ಪುಟಕ್ಕೆ ಚಾಚಿಕೊಳ್ಳುತ್ತದೆ. 4096 ಅಲ್ಲ, 4097 ಪುಟ.

ಪುಟಲೆಕ್ಕ
ಅದೇ. 4097 × 8 = 32,776. ಎಂಟೇ ಎಂಟು ಬೈಟ್ ಜಾಸ್ತಿ. ಆದರೆ ಆ ಕಾಲದ ಕೆಮ್ಯಾಲಾಕ್ ಹತ್ತಿರ ಇದ್ದ ಅಳತೆಗಳು 32 ಕೆಬಿ, 64 ಕೆಬಿ, 128 ಕೆಬಿ. 32 ಕೆಬಿಯಲ್ಲಿ ಹಿಡಿಸದ್ದು ಸೀದಾ 64 ಕೆಬಿಗೆ ಹೋಗುತ್ತದೆ. ಎಂಟು ಬೈಟಿಗೋಸ್ಕರ ಎರಡರಷ್ಟು.

ಇನ್ನೊಂದು ಪೆಟ್ಟು ಇದೆ. ಆರ್ಡರ್ 3ರ ತನಕ ಕರ್ನಲ್ ಸುಲಭಕ್ಕೆ ಬಿಟ್ಟುಕೊಡಲ್ಲ. ಕ್ಯಾಶ್ ಖಾಲಿ ಮಾಡಿಸಿ, ಕಾದು, ಮತ್ತೆ ಮತ್ತೆ ಹುಡುಕುತ್ತದೆ. ಆರ್ಡರ್ 3 ದಾಟಿದರೆ ‘ಇದು ದುಬಾರಿ ಬೇಡಿಕೆ’ ಅಂತ ಸ್ವಲ್ಪ ಪ್ರಯತ್ನ ಮಾಡಿ ಕೈ ಚೆಲ್ಲುತ್ತದೆ. ನಿಮ್ಮ 11 ಜಿಬಿ ಕ್ಯಾಶ್ ಇದ್ದೂ ಉಪಯೋಗಕ್ಕೆ ಬರದಿದ್ದದ್ದು ಇದಕ್ಕೇ.

ಲೋಕಲ್ ಡಿಸ್ಕ್‌ನಲ್ಲಿ ಬಂದ ಎರರ್ ಕೂಡ ಇದೇ ಕಾರಣಕ್ಕೆ. ಅಲ್ಲಿ ಬಫರ್ ವಿಳಾಸ ಸೆಕ್ಟರ್ ಅಳತೆಗೆ ಸರಿಹೊಂದಬೇಕು. ಲಿನಕ್ಸ್ ಎನ್‌ಎಫ್‌ಎಸ್ ಕ್ಲೈಂಟ್ ಆ ಕಟ್ಟುಪಾಡು ಹಾಕಲ್ಲ. ಹೇಗಿದ್ದರೂ ಓದುತ್ತದೆ. ಹಾಗಾಗಿ ತಪ್ಪು ಮುಚ್ಚಿಹೋಯಿತು. ಆ ಎರರ್ ಅವತ್ತೇ ನಿಮಗೆ ಸರಿಯಾದ ಜಾಗ ತೋರಿಸುತ್ತಿತ್ತು.

ಕಮಾಂಡ್‌ಲೈನ್
ಎಲ್ಲಾ ಸರಿ, ಆದರೆ ಮಿನ್_ಫ್ರೀ_ಕೆಬೈಟ್ಸ್ ಏರಿಸಿದರೆ ದೊಡ್ಡ ತುಂಡು ಸಿಗುವ ಸಾಧ್ಯತೆ ಜಾಸ್ತಿ ಆಗುತ್ತದೆ ತಾನೇ? ನಾನು ಎರಡು ಮಷೀನಿನಲ್ಲಿ ಮಾಡಿದ್ದೇನೆ, ಈ ಎರರ್ ಕಮ್ಮಿ ಆಯಿತು.

ಪುಟಲೆಕ್ಕ
ಕಮ್ಮಿ ಆಯಿತು, ನಿಂತಿತಾ? ಖಾಲಿ ಜಾಗ ಹೆಚ್ಚಿದಷ್ಟೂ ಅಕ್ಕಪಕ್ಕದ ಪುಟಗಳು ಕೂಡಿಕೊಳ್ಳುವ ಅವಕಾಶ ಹೆಚ್ಚು, ಅಷ್ಟನ್ನು ಒಪ್ಪುತ್ತೇನೆ. ಆದರೆ ಅದು ಒಟ್ಟು ಖಾಲಿ ಜಾಗದ ಗುರಿ. ಆರ್ಡರ್ 4 ತುಂಡು ಇಷ್ಟು ಇರಲಿ ಅಂತ ಹೇಳುವ ಗುರಿ ಅಲ್ಲ. ಪುಟಗಳನ್ನು ಸರಿಸಿ ಜಾಗ ಒಟ್ಟು ಮಾಡುವ ಕಂಪ್ಯಾಕ್ಷನ್ ಬಂದದ್ದೇ 2.6.35ರಲ್ಲಿ, 2010ರಲ್ಲಿ. ಇವರ ಕರ್ನಲ್‌ನಲ್ಲಿ ಅದು ಇಲ್ಲ.

ಹೊಸಹೆಜ್ಜೆ
ಕ್ಯಾಶ್ ಖಾಲಿ ಮಾಡಿಸುವ ಡ್ರಾಪ್_ಕ್ಯಾಶಸ್?

ಪುಟಲೆಕ್ಕ
2.6.16ಕ್ಕಿಂತ ಹಳೆಯದಾದರೆ ಆ ಫೈಲೇ ಇರಲ್ಲ. ಇದ್ದರೂ ಪ್ರತಿ ರಾತ್ರಿ ಇಡೀ ಮಷೀನಿನ ಕ್ಯಾಶ್ ಎಸೆದು ಬ್ಯಾಕಪ್ ಪರೀಕ್ಷೆ ಮಾಡುವುದು ಸರಿಯಲ್ಲ. ಅಲ್ಲಿ ಬೇರೆ ಕೆಲಸವೂ ನಡೆಯುತ್ತಿದೆ ಅಂದಿದ್ದಾರಲ್ಲ.

ಕಮಾಂಡ್‌ಲೈನ್
ಹಾಗಾದರೆ ಕೋಡಿನಲ್ಲಿರುವ 4096 ಪುಟದ ಮಿತಿಯನ್ನೇ ಎತ್ತರಿಸಿ ಮಾಡ್ಯೂಲ್ ಮತ್ತೆ ಕಟ್ಟಿಕೊಳ್ಳಲಿ. ಒಂದು ಸಾಲಿನ ಬದಲಾವಣೆ.

ಸೆಮಿಕೋಲನ್
ಅಯ್ಯೋ ಬೇಡ. 128 ಕೆಬಿ ಪಟ್ಟಿಯಲ್ಲಿ 16,384 ಪಾಯಿಂಟರ್ ಹಿಡಿಸುತ್ತದೆ, ಅಂದರೆ ಕಾಗದದ ಮೇಲೆ 64 ಎಂಬಿ ತನಕ ಹೋಗಬಹುದು. ಆದರೆ ಅದಕ್ಕೆ ಆರ್ಡರ್ 5 ಬೇಕು. ಆರ್ಡರ್ 4 ಸಿಗದೆ ಒದ್ದಾಡುತ್ತಿರುವ ಮಷೀನಿನಲ್ಲಿ ಆರ್ಡರ್ 5 ಕೇಳಿದರೆ ಇನ್ನೂ ಬೇಗ ಬೀಳುತ್ತದೆ.

ತಂತಿಜಾಲ
ತಡವಾಗಿ ಬಂದೆ. ಒಂದು ಪ್ರಶ್ನೆಯನ್ನು ಯಾರೂ ಕೇಳಿಲ್ಲ. 16 ಎಂಬಿ ಯಾಕೆ ಬೇಕು?

ಒಂದು ಕಾಲ್‌ನಲ್ಲಿ 16 ಎಂಬಿ ಕೇಳಿದಿರಿ ಅಂದ ಮಾತ್ರಕ್ಕೆ ತಂತಿ ಮೇಲೆ 16 ಎಂಬಿ ಒಟ್ಟಿಗೆ ಹೋಗಲ್ಲ. ಎನ್‌ಎಫ್‌ಎಸ್ ಅದನ್ನು ಆರ್‌ಸೈಜ್ (ಒಂದು ಕರೆಯಲ್ಲಿ ಓದುವ ಗಾತ್ರ) ಅಳತೆಗೆ ಕತ್ತರಿಸುತ್ತದೆ. ಆ ಸಾಲಿನ ಕರ್ನಲ್‌ನಲ್ಲಿ ಆರ್‌ಸೈಜ್ ಗರಿಷ್ಠ 32 ಕೆಬಿ. ಅಂದರೆ ನಿಮ್ಮ ಒಂದು ರೀಡ್ ಸರ್ವರ್‌ಗೆ ಹೋಗುವ 512 ಆರ್‌ಪಿಸಿ ಕರೆಗಳಾಗುತ್ತದೆ. ಅವೂ ಒಟ್ಟಿಗೆ ಹೊರಡಲ್ಲ. ಸನ್‌ಆರ್‌ಪಿಸಿಯ ಸ್ಲಾಟ್ ಟೇಬಲ್‌ನಲ್ಲಿ ಡೀಫಾಲ್ಟ್ ಆಗಿ 16 ಸ್ಲಾಟ್, ಒಂದು ಸ್ಲಾಟ್‌ಗೆ ಒಂದು ಕರೆ. 16 × 32 ಕೆಬಿ = 512 ಕೆಬಿ. ಯಾವ ಕ್ಷಣದಲ್ಲೂ ದಾರಿಯಲ್ಲಿ ಇರುವುದು ಅಷ್ಟೇ. ಉಳಿದ 15 ಎಂಬಿಗೂ ಜಾಸ್ತಿ ಸುಮ್ನೆ ಸಾಲಿನಲ್ಲಿ ನಿಂತು ಕಾಯುತ್ತದೆ. ಅಷ್ಟು ಹೊತ್ತೂ ಆ ಪುಟಗಳನ್ನು ಕರ್ನಲ್ ಹಿಡಿದೇ ಇರುತ್ತದೆ. ಏನು ಲಾಭ?

ರಾತ್ರಿಪಾಳಿ
ದೊಡ್ಡ ಬ್ಲಾಕ್ ಇಟ್ಟರೆ ಬೇಗ ಆಗುತ್ತದೆ ಅಂತ ಕೇಳಿದ್ದೆ. ಡಿಡಿಯಲ್ಲಿ (ಡೇಟಾ ನಕಲು ಮಾಡುವ ಕಮಾಂಡ್) ಬಿಎಸ್, ಅಂದರೆ ಬ್ಲಾಕ್ ಗಾತ್ರ ಏರಿಸಿದಾಗ ನಿಜವಾಗಿಯೂ ವೇಗ ಬಂದಿತ್ತು.

ತಂತಿಜಾಲ
4 ಕೆಬಿಯಿಂದ 1 ಎಂಬಿಗೆ ಏರಿಸಿದರೆ ಖಂಡಿತ ಬರುತ್ತದೆ. ಡೈರೆಕ್ಟ್‌ನಲ್ಲಿ ಮುಂದಾಗಿ ಓದಿಡುವ ರೀಡ್‌ಅಹೆಡ್ ಇಲ್ಲ. 4 ಕೆಬಿ ಕೇಳಿದರೆ ಒಂದೇ ಕರೆ ಹೋಗುತ್ತದೆ, ಬರುತ್ತದೆ, ಆಮೇಲೆ ಮುಂದಿನದು. ತಂತಿ ಬಹುಪಾಲು ಹೊತ್ತು ಖಾಲಿ. ಸ್ಲಾಟ್‌ಗಳೆಲ್ಲ ತುಂಬುವಷ್ಟು ಕೇಳಿದ ಮೇಲೆ ಗಾತ್ರ ಏರಿಸಿದಷ್ಟೂ ಲಾಭ ಕಮ್ಮಿ. ಪ್ರತಿ ರೀಡ್‌ನ ಕೊನೆಯಲ್ಲಿ ಸ್ಲಾಟ್‌ಗಳು ಒಂದೊಂದಾಗಿ ಖಾಲಿಯಾಗುವ ಸ್ವಲ್ಪ ನಷ್ಟ ಇರುತ್ತದೆ, ಅದಕ್ಕೆ 512 ಕೆಬಿಗೇ ನಿಲ್ಲಿಸದೆ 2 ಅಥವಾ 4 ಎಂಬಿ ಇಡಿ. ಅಥವಾ ಎರಡು ಥ್ರೆಡ್ ಇಟ್ಟು 1 ಎಂಬಿಯಂತೆ ಓದಿ. ಒಂದು ಚೆಕ್‌ಸಮ್ ಹಾಕುವಾಗ ಇನ್ನೊಂದು ಓದುತ್ತಿರುತ್ತದೆ.

ಪುಟಲೆಕ್ಕ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಪಟ್ಟಿಯ ಲೆಕ್ಕವನ್ನೂ ನೋಡಿ. 4 ಎಂಬಿಗೆ 1024 ಪಾಯಿಂಟರ್, 8 ಕೆಬಿ, ಆರ್ಡರ್ 1. 1 ಎಂಬಿಗೆ 256 ಪಾಯಿಂಟರ್, 2 ಕೆಬಿ. ಅದು ಒಂದೇ ಪುಟದ ಒಳಗೆ ಮುಗಿಯಿತು, ಅಕ್ಕಪಕ್ಕದ ಪುಟದ ಹಂಗೇ ಇಲ್ಲ.

ಸೆಮಿಕೋಲನ್
ಥ್ರೆಡ್ ವಿಷಯ ಬಂತು, ಒಂದು ಎಚ್ಚರಿಕೆ ಹೇಳಲೇಬೇಕು. ನಾನು ಇದರಲ್ಲಿ ಐದು ದಿನ ಕಳೆದಿದ್ದೇನೆ.

ಒಂದು ಥ್ರೆಡ್ ಡೈರೆಕ್ಟ್ ರೀಡ್ ಮಾಡುತ್ತಿತ್ತು. ಇನ್ನೊಂದು ಥ್ರೆಡ್ ಮಧ್ಯೆ ಮಧ್ಯೆ ಸಿಸ್ಟಂ() ಕರೆದು ಲಾಗ್ ಫೈಲ್ ಕಂಪ್ರೆಸ್ ಮಾಡಿಸುತ್ತಿತ್ತು. ಸಾವಿರಾರು ಓದಿನಲ್ಲಿ ಯಾವಾಗಲೋ ಒಮ್ಮೆ ಬಫರ್‌ನ ಮಧ್ಯೆ ಒಂದು ಪುಟದಷ್ಟು ಹಳೇ ಡೇಟಾ ಇರುತ್ತಿತ್ತು. ರೀಡ್ ಪೂರ್ತಿ ಗಾತ್ರ ವಾಪಸ್ ಕೊಟ್ಟಿದೆ, ಎರರ್ ಇಲ್ಲ, ಡೇಟಾ ಮಾತ್ರ ತಪ್ಪು. ಕೇಬಲ್ ಬದಲಾಯಿಸಿದೆ, ಸರ್ವರ್ ಮೇಲೆ ಅನುಮಾನ ಪಟ್ಟೆ, ರ‍್ಯಾಮ್ ಪರೀಕ್ಷೆ ಓಡಿಸಿದೆ. ಕೊನೆಗೆ ಓಪನ್‌ನ ಮ್ಯಾನ್ ಪೇಜ್ ಕೊನೆಯ ತನಕ ಓದಿದಾಗ ಗೊತ್ತಾಯಿತು. ಖಾಸಗಿ ಮ್ಯಾಪಿಂಗ್‌ನಲ್ಲಿರುವ ಬಫರ್‌ಗೆ ಡೈರೆಕ್ಟ್ ಓದು ನಡೆಯುತ್ತಿರುವಾಗ ಫೋರ್ಕ್ (ಪ್ರೋಗ್ರಾಂನ ನಕಲು ಹುಟ್ಟಿಸುವುದು) ಮಾಡಬಾರದು ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಸಿಸ್ಟಂ() ಒಳಗೆ ಮಾಡುತ್ತಿದ್ದದ್ದು ಅದನ್ನೇ. ಮ್ಯಾಲಾಕ್ ಕೊಟ್ಟ ಜಾಗ ಖಾಸಗಿಯೇ. ಫೋರ್ಕ್ ಆದ ಮೇಲೆ ನಾವು ಆ ಪುಟಕ್ಕೆ ಏನಾದರೂ ಬರೆದರೆ ನಮಗೆ ಹೊಸ ನಕಲು ಸಿಗುತ್ತದೆ. ನೆಟ್‌ವರ್ಕ್‌ನಿಂದ ಬಂದ ಡೇಟಾ ಹಳೇ ಪುಟಕ್ಕೆ ಬೀಳುತ್ತದೆ.

2.6.16ರಿಂದ ಎಂಅಡ್ವೈಸ್‌ಗೆ ಡೋಂಟ್‌ಫೋರ್ಕ್ (ಫೋರ್ಕ್ ಆದಾಗ ಈ ಜಾಗ ಬಿಟ್ಟುಬಿಡು ಅನ್ನುವ) ಆಯ್ಕೆ ಬಂತು. ಅದಿಲ್ಲದಿದ್ದರೆ ಬಫರ್ ಅನ್ನು ಶೇರ್ಡ್ ಎಂಮ್ಯಾಪ್‌ನಲ್ಲಿ ತೆಗೆದುಕೊಳ್ಳಿ.

ರಾತ್ರಿಪಾಳಿ
ನನ್ನ ಪ್ರೋಗ್ರಾಂ ಫೋರ್ಕ್ ಮಾಡಲ್ಲ. ಆದರೂ ಶೇರ್ಡ್ ಎಂಮ್ಯಾಪ್ ಮಾಡಿಬಿಡುತ್ತೇನೆ. ಅದು ಪುಟದ ಅಂಚಿನಿಂದಲೇ ಶುರುವಾಗುತ್ತದೆ, ಹಾಗಾಗಿ 4097ರ ತೊಂದರೆಯೂ ಹೋಗುತ್ತದೆ ಅಲ್ವಾ?

ಸೆಮಿಕೋಲನ್
ಹೋಗುತ್ತದೆ.

ಹಳೇ_ಟೇಪ್
ಇಷ್ಟು ಹೊತ್ತು ಎಲ್ಲರೂ ಪಟ್ಟಿ, ಆರ್ಡರ್ ಅಂತ ಮಾತಾಡಿದಿರಿ. ನನಗೆ ಮೊದಲ ಪೋಸ್ಟ್ ಓದಿದಾಗಿನಿಂದ ಒಂದೇ ಚಿಂತೆ. ತಮ್ಮಾ @ರಾತ್ರಿಪಾಳಿ, ಬ್ಯಾಕಪ್ ಪರೀಕ್ಷೆಗೆ ಡೈರೆಕ್ಟ್ ಯಾಕೆ ಹಾಕಿದೆ?

ರಾತ್ರಿಪಾಳಿ
ಕ್ಯಾಶ್‌ನಿಂದ ಓದಿ ‘ಸರಿ ಇದೆ’ ಅಂದುಬಿಟ್ಟರೆ ಅದು ಪರೀಕ್ಷೆ ಅಲ್ಲವಲ್ಲ ಸರ್. ಡಿಸ್ಕ್ ಮೇಲೆ ನಿಜವಾಗಿ ಬಿದ್ದಿರುವುದನ್ನೇ ಓದಬೇಕು ಅಂತ.

ಹಳೇ_ಟೇಪ್
ಅದೇ ನನ್ನ ಭಯ. ಎನ್‌ಎಫ್‌ಎಸ್‌ನಲ್ಲಿ ಓ_ಡೈರೆಕ್ಟ್ ನಿನ್ನ ಮಷೀನಿನ ಕ್ಯಾಶನ್ನು ಮಾತ್ರ ದಾಟುತ್ತದೆ. ಆ ಫ್ಲ್ಯಾಗನ್ನು ಸರ್ವರ್‌ಗೆ ತಿಳಿಸಲು ಪ್ರೋಟೊಕಾಲ್‌ನಲ್ಲಿ ದಾರಿಯೇ ಇಲ್ಲ. ಸರ್ವರ್ ತನ್ನ ರ‍್ಯಾಮಿನಲ್ಲಿರುವುದನ್ನು ತೆಗೆದು ಕಳಿಸಿಬಿಡಬಹುದು. ನೀನು ರಾತ್ರಿ ಹತ್ತಕ್ಕೆ ಬ್ಯಾಕಪ್ ಬರೆದು ಹತ್ತೂವರೆಗೆ ಪರೀಕ್ಷೆ ಮಾಡಿದರೆ, ಅರ್ಧ ಫೈಲ್ ಇನ್ನೂ ಸರ್ವರ್ ರ‍್ಯಾಮಿನಲ್ಲೇ ಬೆಚ್ಚಗೆ ಕೂತಿರುತ್ತದೆ. ನೀನು ಪರೀಕ್ಷೆ ಮಾಡಿದ್ದು ನೆಟ್‌ವರ್ಕನ್ನು. ಡಿಸ್ಕನ್ನಲ್ಲ.

ನಾನು ಕೆಲಸ ಮಾಡಿದ ಒಂದು ಕಡೆ ತಿಂಗಳುಗಟ್ಟಲೆ ಪ್ರತಿ ರಾತ್ರಿ ‘ಪಾಸ್’ ಅಂತ ವರದಿ ಬರುತ್ತಿತ್ತು. ಒಂದು ದಿನ ನಿಜವಾಗಿ ಫೈಲ್ ವಾಪಸ್ ತೆಗೆಯಬೇಕಾಗಿ ಬಂತು. ಎರಡು ಫೈಲ್ ಓದಲು ಆಗಲಿಲ್ಲ, ಡಿಸ್ಕ್ ಹಾಳಾಗಿತ್ತು. ಪರೀಕ್ಷೆ ಮಾತ್ರ ಎಂದೂ ಡಿಸ್ಕ್ ಮುಟ್ಟಿರಲೇ ಇಲ್ಲ.

ಕಮಾಂಡ್‌ಲೈನ್
ಹಾಗಂತ ಡೈರೆಕ್ಟ್ ರೀಡ್ ವ್ಯರ್ಥ ಅಂತೀರಾ? ಕ್ಲೈಂಟ್ ಕಡೆಯ ಕ್ಯಾಶ್ ಗಲೀಜು ಆಗದ ಹಾಗೆ ಉಳಿಯುತ್ತದೆ, ಅದೇ ದೊಡ್ಡ ಉಪಕಾರ. ಒಂದೇ ಸಲ ಓದಿ ಬಿಡುವ ಡೇಟಾವನ್ನು ಕ್ಯಾಶ್‌ಗೆ ತುಂಬಿಸಿ ಬೇರೆ ಕೆಲಸದ ಪುಟಗಳನ್ನು ಹೊರಗೆ ಹಾಕಿಸುವುದು ಬೇಡ.

ಹಳೇ_ಟೇಪ್
ವ್ಯರ್ಥ ಅನ್ನಲಿಲ್ಲ. ಆ ಉಪಕಾರಕ್ಕೆ ಬೇಕಾದರೆ ಹಾಕಲಿ. ಡಿಸ್ಕ್ ಪರೀಕ್ಷೆ ಅಂತ ನಂಬಿ ಹಾಕಬಾರದು ಅಂದೆ. ಅದಕ್ಕೆ ಪರೀಕ್ಷೆ ಸರ್ವರ್ ಮೇಲೇ ಓಡಬೇಕು, ಅದೂ ಸರ್ವರ್‌ನ ಕ್ಯಾಶ್ ದಾಟಿ.

ಹೊಸಹೆಜ್ಜೆ
ಹೊಸ ಕರ್ನಲ್‌ನಲ್ಲೂ ಈ 16 ಎಂಬಿ ಮಿತಿ ಇದೆಯಾ? ನಾವು 5ರ ಸಾಲು ಬಳಸುತ್ತೇವೆ.

ಪುಟಲೆಕ್ಕ
ಇಲ್ಲ. ಕೋಡ್ ಬದಲಾಗಿ ಬಹಳ ಕಾಲ ಆಯಿತು. ಈಗ ಇಡೀ ಬಫರ್‌ಗೆ ಒಂದೇ ಪಟ್ಟಿ ಮಾಡಲ್ಲ. ಆರ್‌ಸೈಜ್‌ನಷ್ಟು ಪುಟ ಹಿಡಿಯುತ್ತದೆ, ಕರೆ ಕಟ್ಟುತ್ತದೆ, ಮುಂದಿನ ತುಂಡಿಗೆ ಹೋಗುತ್ತದೆ. ಆರ್‌ಸೈಜ್ ಗರಿಷ್ಠ 1 ಎಂಬಿ. ಹಾಗಾಗಿ ಒಂದು ಪಟ್ಟಿ 257 ಪಾಯಿಂಟರ್ ದಾಟಲ್ಲ. ನೀವು ಮ್ಯಾಲಾಕ್ ಬಫರ್ ಕೊಟ್ಟರೂ ಆರ್ಡರ್ 4 ಬೇಡಿಕೆ ಅಲ್ಲಿಂದ ಹುಟ್ಟಲ್ಲ.

ಆದರೆ ಬೇಕಾದಷ್ಟು ದೊಡ್ಡದು ಕೇಳಬಹುದು ಅಂತಲ್ಲ. 1 ಜಿಬಿ ಒಂದೇ ರೀಡ್‌ನಲ್ಲಿ ಕೇಳಿದರೆ 2,62,144 ಪುಟ. ಪ್ರತಿ ಪುಟಕ್ಕೂ ಎನ್‌ಎಫ್‌ಎಸ್ ಒಂದು ಚಿಕ್ಕ ದಾಖಲೆ ಇಡುತ್ತದೆ. ಸ್ಲ್ಯಾಬ್‌ಇನ್ಫೋದಲ್ಲಿ (ಕರ್ನಲ್ ಇಟ್ಟಿರುವ ಇಂಥ ದಾಖಲೆಗಳ ಎಣಿಕೆ) ಎನ್‌ಎಫ್‌ಎಸ್_ಪೇಜ್ ಸಾಲು ನೋಡಿದರೆ ಆ ಎಣಿಕೆ ಏರುವುದು ಕಾಣುತ್ತದೆ. ಹಿಡಿದಿಟ್ಟ ಪುಟಗಳನ್ನು ಕಂಪ್ಯಾಕ್ಷನ್ ಕೂಡ ಸರಿಸಲಾಗಲ್ಲ.

ತಂತಿಜಾಲ
ಹೊಸದರಲ್ಲೂ ಸ್ಲಾಟ್ ಲೆಕ್ಕ ಇದ್ದೇ ಇದೆ. ಎನ್‌ಎಫ್‌ಎಸ್ 4.1 ಸೆಷನ್‌ನಲ್ಲಿ ಲಿನಕ್ಸ್ ಕ್ಲೈಂಟ್ ಡೀಫಾಲ್ಟ್ ಆಗಿ 64 ಸ್ಲಾಟ್ ಕೇಳುತ್ತದೆ. 1 ಎಂಬಿ ಆರ್‌ಸೈಜ್ ಸಿಕ್ಕರೆ ದಾರಿಯಲ್ಲಿ ಗರಿಷ್ಠ 64 ಎಂಬಿ. ಅದನ್ನು ಮೀರಿ ಕೇಳಿದ್ದೆಲ್ಲ ಸಾಲಿನಲ್ಲಿ ನಿಲ್ಲುತ್ತದೆ. ಕರ್ನಲ್ 5.3ರಿಂದ ಎನ್‌ಕನೆಕ್ಟ್ ಅನ್ನುವ ಮೌಂಟ್ ಆಯ್ಕೆ ಬಂದಿದೆ, 16 ಟಿಸಿಪಿ ಕನೆಕ್ಷನ್ ತನಕ. ಕನೆಕ್ಷನ್ ಹೆಚ್ಚಿದರೂ ಸೆಷನ್ ಸ್ಲಾಟ್ ತಾನಾಗಿ ಹೆಚ್ಚಲ್ಲ, ಅದನ್ನು ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಹೊಸಹೆಜ್ಜೆ
ಡಿಡಿಯಲ್ಲಿ ಬಿಎಸ್=4ಜಿ ಕೊಟ್ಟಾಗ ‘ಪಾರ್ಷಿಯಲ್ ರೀಡ್ 2147479552 ಬೈಟ್ಸ್’ ಅಂತ ಬರುತ್ತದೆ. ಅದೂ ಇದೇನಾ?

ಸೆಮಿಕೋಲನ್
ಅಲ್ಲ, ಅದು ಲಿನಕ್ಸ್ ರೀಡ್ ಕಾಲ್‌ನದೇ ಮಿತಿ, ಎಲ್ಲಾ ಫೈಲ್ ಸಿಸ್ಟಂಗೂ ಒಂದೇ. 2 ಜಿಬಿಗೆ ಒಂದು ಪುಟ ಕಮ್ಮಿ. ಅದಕ್ಕಿಂತ ಜಾಸ್ತಿ ಕೇಳಿದರೆ ಎರರ್ ಕೊಡಲ್ಲ, ಕಮ್ಮಿ ಕೊಟ್ಟು ಸುಮ್ಮನಾಗುತ್ತದೆ. ಅದಕ್ಕೇ ರೀಡ್ ಎಷ್ಟು ವಾಪಸ್ ಕೊಟ್ಟಿತು ಅಂತ ನೋಡಿ, ಉಳಿದದ್ದಕ್ಕೆ ಮತ್ತೆ ಕೇಳುವ ಲೂಪ್ ಇರಲೇಬೇಕು. @ರಾತ್ರಿಪಾಳಿ ನಿಮ್ಮದರಲ್ಲಿ ಇದೆಯಾ?

ರಾತ್ರಿಪಾಳಿ
ಇರಲಿಲ್ಲ. ಈಗ ಹಾಕಿದೆ.

ಮೂರು ರಾತ್ರಿ ಓಡಿಸಿ ಬರೆಯುತ್ತಿದ್ದೇನೆ. ಬಫರ್ ಶೇರ್ಡ್ ಎಂಮ್ಯಾಪ್, ಒಂದು ರೀಡ್‌ಗೆ 4 ಎಂಬಿ. ರೀಬೂಟ್ ಮಾಡಿಲ್ಲ, ಬೇಕಂತಲೇ. ಬಡ್ಡಿಇನ್ಫೋದಲ್ಲಿ ಆರ್ಡರ್ 4 ಈಗಲೂ ಸೊನ್ನೆಯೇ ಇದೆ, ಆದರೂ ಒಂದು ರೀಡ್ ಕೂಡ ಬೀಳಲಿಲ್ಲ. ಒಂದು ರಾತ್ರಿ 16 ಎಂಬಿಯನ್ನೇ ಸರಿಯಾದ ಅಂಚಿನಿಂದ ಓದಿಸಿ ನೋಡಿದೆ, ಅದೂ ನಡೆಯಿತು. ಎರಡಕ್ಕೂ ಹಿಡಿದ ಹೊತ್ತಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ 4 ಎಂಬಿಯನ್ನೇ ಉಳಿಸಿಕೊಂಡಿದ್ದೇನೆ. ಲೋಕಲ್ ಡಿಸ್ಕ್ ಮೇಲೂ ಈಗ ಎರರ್ ಇಲ್ಲದೆ ಓಡುತ್ತದೆ.

@ಹಳೇ_ಟೇಪ್ ಸರ್, ನಿಮ್ಮ ಮಾತು ಓದಿದ ಮೇಲೆ ನಿದ್ದೆ ಬರಲಿಲ್ಲ. ಸರ್ವರ್ ನೋಡಿಕೊಳ್ಳುವವರ ಹತ್ತಿರ ಮಾತಾಡಿದೆ. ಇದೇ ಪ್ರೋಗ್ರಾಂ ಅಲ್ಲಿ ಓಡಿಸಲು ಒಪ್ಪಿದ್ದಾರೆ. ಅಲ್ಲಿ ಫೈಲ್ ಸಿಸ್ಟಂ ಲೋಕಲ್ಲೇ, ಓ_ಡೈರೆಕ್ಟ್ ಹಾಕಿದರೆ ಅವರ ಪೇಜ್ ಕ್ಯಾಶ್ ದಾಟುತ್ತದೆ ತಾನೇ?

ಹಳೇ_ಟೇಪ್
ಪೇಜ್ ಕ್ಯಾಶ್ ದಾಟುತ್ತದೆ. ಆದರೆ ರೇಡ್ ಕಂಟ್ರೋಲರ್‌ಗೆ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ಹಾರ್ಡ್‌ವೇರ್) ಸ್ವಂತ ಕ್ಯಾಶ್ ಇದೆಯಾ ಅಂತ ಕೇಳು. ಇದ್ದರೆ ಅದು ಎಷ್ಟು ದೊಡ್ಡದು ಅಂತಲೂ ಕೇಳು. ಅದಕ್ಕಿಂತ ಎಷ್ಟೋ ಪಟ್ಟು ಡೇಟಾ ಬರೆದು ಮುಗಿದ ಮೇಲೆ, ಮೊದಲು ಬರೆದ ಫೈಲಿನಿಂದ ಪರೀಕ್ಷೆ ಶುರು ಮಾಡು.

ರಾತ್ರಿಪಾಳಿ
ಕಂಟ್ರೋಲರ್‌ನಲ್ಲಿ 512 ಎಂಬಿ ಇದೆಯಂತೆ. ಬ್ಯಾಕಪ್ ಒಂದು ರಾತ್ರಿಗೆ ನೂರಾರು ಜಿಬಿ. ಮೊದಲು ಬರೆದದ್ದರಿಂದಲೇ ಶುರು ಮಾಡುತ್ತೇನೆ, ಕೊನೆಯ ಫೈಲ್‌ಗಳನ್ನು ಮಾರನೇ ರಾತ್ರಿ ಇನ್ನೊಮ್ಮೆ ಓದಿಸುತ್ತೇನೆ.